ಆಷಾಢದ ಪಿಂಕಣ್ಣ

"ಕಳ್ಳ ನೀನು, ಮಾಮ! ನನ್ನ ಟ್ಯೂನ್ ಕದ್ದು, ಗಾಡಿ ಮೇಲೆ ಬರಸ್ಕಂಡು ಊರೆಲ್ಲಾ ಮೆರೀತಿದಿಯಲ್ಲ, ನಾಚಿಕಿ ಆಗಲ್ವಾ ನಿನಗ?"

"ನಾಲಿಗಿ ಬಿಗಿ ಹಿಡಿ, ದಿನೇಶ. ಟ್ರಂಪೆಟ್ ಯಾವ ಕಡೆಯಿಂದ ಊದಬೇಕು ಅಂತ ನಿನಗ ತೋರಿಸಿದ್ದೇ ನಾನು."

"ತೋರಿಸಿದ್ದು ನಮ್ಮಪ್ಪ! ನೀನು ನಮ್ಮ ಮನಿ ಜಗಲಿ ಮೇಲೆ ಕುಂತು ಮಂಡಕ್ಕಿ ತಿಂತಿದ್ದಿ."

ಕೈಯಲ್ಲಿದ್ದ ಚಹಾದ ಲೋಟವನ್ನು ಗೋಡೆಗೆ ಎಸೆದೆ. ಸ್ಟೀಲಿನ ಲೋಟ, ಒಡೆಯಲಿಲ್ಲ. ಟಣ್ ಎಂದು ಬಡಿದು, ಉರುಳಿಕೊಂಡು ಬಂದು ನನ್ನ ಕಾಲ ಬಳಿಯೇ ನಿಂತಿತು. ಅದಕ್ಕೂ ಸಿಟ್ಟು ಬಂತು.

ದಿನೇಶ ನನ್ನ ಹೆಂಡತಿಯ ತಮ್ಮ. ಹರಿಹರದಲ್ಲಿ ಅವನದೊಂದು ಬ್ಯಾಂಡ್ ಸೆಟ್ ಇದೆ, ದಾವಣಗೆರೆಯಲ್ಲಿ ನನ್ನದೊಂದು. ನಾನು ಕ್ಲಾರ್ನೆಟ್, ಅವನು ಟ್ರಂಪೆಟ್. ಜಗಳದ ಮೂಲ 'ಜಗ್ಗು' ಎನ್ನುವ ಟ್ಯೂನು. ಈ ಕಡೆ ಯಾವ ಮದುವೆ ಮೆರವಣಿಗೆ ಇದ್ದರೂ ಅರ್ಧ ದಾರಿಗೆ ಹುಡುಗರು "ಜಗ್ಗು ಹಾಕ್ರಿ, ಜಗ್ಗು!" ಎಂದು ಕೂಗುತ್ತಾರೆ. ಬೇರೆ ಟ್ಯೂನಿನಲ್ಲಿ ಸ್ವರ ಗಟ್ಟಿಯಾಗಿ ಹೊರಟು ಮೆತ್ತಗೆ ಸಾಯುತ್ತದೆ. ಜಗ್ಗುವಿನಲ್ಲಿ ಸಣ್ಣಗೆ ಏಳುತ್ತದೆ, ಉಬ್ಬುತ್ತದೆ, ಉಬ್ಬಿ ಉಬ್ಬಿ ಟಕ್ಕನೆ ನಿಲ್ಲುತ್ತದೆ. ಹಗ್ಗ ಹಿಡಿದು ಯಾರೋ ನಿಮ್ಮನ್ನು ಹಿಂದಕ್ಕೆ ಜಗ್ಗಿದ ಹಾಗೆ. ಕುಣಿಯುವವರು ಒಂದು ಹೆಜ್ಜೆ ಮುಂದೆ ಹಾಕಿ ಎರಡು ಹೆಜ್ಜೆ ಹಿಂದೆ ಬರುತ್ತಾರೆ. ಕಲ್ಯಾಣ ಮಂಟಪ ಮುಟ್ಟುವುದು ಅರ್ಧ ಗಂಟೆ ತಡ. ಪುರೋಹಿತರು ಬೈಯುತ್ತಾರೆ. ಅದೇ ಅದರ ಮಜಾ.

ನಮ್ಮ ಗಾಡಿಯ ಮೇಲೆ 'ಜಗ್ಗು ಖ್ಯಾತಿಯ ಅಂಜನಕುಮಾರ್ ಬ್ಯಾಂಡ್' ಎಂದು ಬರೆಸಿದ್ದೇನೆ. ದಿನೇಶ ತನ್ನ ಗಾಡಿಯ ಮೇಲೆ 'ಅಸಲಿ ಜಗ್ಗು' ಎಂದು ಬರೆಸಿದ್ದಾನೆ. ಮೂವತ್ತು ವರ್ಷದಿಂದ ಇದೇ ಕತೆ. ಈ ಜಗಳದ ಹಿಂದಿನ ದಿನ ಶಾಮನೂರಿನಲ್ಲಿ ಆಷಾಢಕ್ಕೆ ಮುಂಚಿನ ಕೊನೆಯ ಮದುವೆ. ಗಂಡಿನ ಕಡೆಯವರು ನನ್ನನ್ನು ಕರೆದಿದ್ದರು, ಹೆಣ್ಣಿನ ಕಡೆಯವರು ದಿನೇಶನನ್ನು. ಮಂಟಪದ ಬಾಗಿಲಲ್ಲಿ ಎರಡೂ ಬ್ಯಾಂಡು ಎದುರಾದವು, ಎರಡೂ ಜಗ್ಗು ಶುರು ಮಾಡಿದವು. ಯಾರೂ ನಿಲ್ಲಿಸಲಿಲ್ಲ. ಮದುಮಗನ ಕುದುರೆ ಬೆದರಿ ಎಳನೀರಿನ ಗಾಡಿಯ ಕಡೆ ಹೊರಟುಹೋಯಿತು. ಮರುದಿನ ಬೆಳಿಗ್ಗೆಯೇ ದಿನೇಶ ಹರಿಹರದಿಂದ ನಮ್ಮ ಬ್ಯಾಂಡ್ ರೂಮಿಗೆ ಬಂದು ನಿಂತಿದ್ದ.

"ಇಬ್ರೂ ಸುಮ್ನಿರ್ರಿ ಮಾಸ್ಟ್ರೇ," ಎಂದ ದಾನಿಶ್. ನಮ್ಮ ಬ್ಯಾಂಡಿನಲ್ಲಿ ಕ್ಯಾಸಿಯೋ ಕೀಬೋರ್ಡ್ ನುಡಿಸುತ್ತಾನೆ. ಎರಡು ಮಕ್ಕಳ ತಂದೆ, ಸಮಾಧಾನಿ. ಫೋನು ಮುಂದೆ ಹಿಡಿದ. "ನಿನ್ನೆಯ ಜಗಳದ ವಿಡಿಯೋ ಯಾರೋ ಹಾಕ್ಯಾರ. ಲಕ್ಷ ಜನ ನೋಡ್ಯಾರ. ಕೆಳಗ ಒಬ್ಬ ಅಮೆರಿಕಾದಿಂದ ಬರದಾನ ನೋಡ್ರಿ. ಇದು ಇವರಿಬ್ಬರದೂ ಅಲ್ಲ, ಆರ್ಲೋ ಪಿಂಕ್ನಿ ಅನ್ನೋನ ಹಾಡಿನ ವಾಸನಿ ಹೊಡಿತೈತೆ ಅಂತ."

"ಯಾವ ಪಿಂಕಣ್ಣ?" ಎಂದೆ.

"ಪಿಂಕ್ನಿ. ಫಂಕ್ ಅಂತ ಕುಣಿಯೋ ಹಾಡು ಹಾಡ್ತಾನ, ಪಾಪ್ ಹಾಡ್ತಾನ. ಐವತ್ತು ವರ್ಷದಿಂದ ಹಾಡ್ತಾನೇ ಇದಾನ. ನಲವತ್ತಮೂರು ಆಲ್ಬಂ ಐತೆ."

ಬಿದ್ದಿದ್ದ ಲೋಟ ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ ಮುಖ ಮರೆಮಾಡಿಕೊಂಡೆ. ಯಾಕೆಂದು ಈಗ ಹೇಳಿಬಿಡುತ್ತೇನೆ. ಜಗ್ಗು ನಾನು ಕಟ್ಟಿದ ಟ್ಯೂನಲ್ಲ. ಅದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ, ಎಲ್ಲಿಂದಲೋ ಬಂದು ಕೂತದ್ದು. ಎಲ್ಲಿ ಕೇಳಿದೆ, ಯಾರ ಬಾಯಲ್ಲಿ ಕೇಳಿದೆ, ನೆನಪಿಲ್ಲ. ಒಂದು ಮೆರವಣಿಗೆಯಲ್ಲಿ ಟ್ಯೂನು ಮುಗಿದುಹೋಗಿ ಬೆರಳು ತಾನಾಗಿ ನಡೆದಾಗ ಅದು ಹೊರಬಂತು. ಜನ ಕುಣಿದರು. ಯಾರದಿದು ಎಂದು ಕೇಳಿದರು. ನಂದು ಎಂದೆ. ಒಮ್ಮೆ ನಂದು ಎಂದ ಮೇಲೆ ಮುಗಿಯಿತು.

"ಕೇಳಿಬಿಡಾಣ," ಎಂದ ದಿನೇಶ. "ನಲವತ್ತಮೂರೂ ಕೇಳಾಣ. ಅದರಾಗ ಜಗ್ಗು ಸಿಕ್ರ ನೀನು ಕಳ್ಳ. ಅಪ್ಪನ ಟೋಪಿ ತೆಗದು ನನ್ನ ಕೈಗೆ ಕೊಡಬೇಕು."

ಗೋಡೆಯ ಮೊಳೆಯ ಮೇಲೆ ಆ ಟೋಪಿ ಇತ್ತು. ಕೆಂಪು ಮಖಮಲ್ಲು, ಸುತ್ತ ಜರಿ, ಮುಂದೆ ಹಿತ್ತಾಳೆಯ ಬಿಲ್ಲೆ. ನನ್ನ ಮಾವ ಮಾರಪ್ಪ ಮಾಸ್ತರದು. ಹರಿಹರ ಸೀಮೆಗೆಲ್ಲ ದೊಡ್ಡ ಹೆಸರು. ಸಾಯುವ ಮುಂಚೆ ಅದನ್ನು ಮಗನಿಗೆ ಕೊಡಲಿಲ್ಲ, ಅಳಿಯನಿಗೆ ಕೊಟ್ಟರು. "ಜಗ್ಗು ಕಟ್ಟಿದೋನು ನೀನು, ನೀನೇ ಹಾಕ್ಕೋ" ಎಂದು ನನ್ನ ತಲೆಗೆ ಇಟ್ಟರು. ಆ ಟೋಪಿ ತಲೆ ಮೇಲಿದ್ದರೆ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಶಾಮನೂರಿನ ಹುಡುಗನಲ್ಲ, ಮಾಸ್ಟರು. ಅದಿಲ್ಲದೆ ಮೆರವಣಿಗೆಯ ಮುಂದೆ ನಡೆಯುವುದು ನನ್ನಿಂದಾಗದು.

ಆದರೂ ಸಿಟ್ಟಿನ ಬಾಯಿ ಮುಂದೆ ಓಡಿತು. "ಆತು. ಸಿಕ್ರ ಟೋಪಿ ನಿಂದು. ಸಿಗದಿದ್ರ ಹರಿಹರದ ಬಸ್ ಸ್ಟ್ಯಾಂಡಿನಾಗ ನಿಂತು, ಜಗ್ಗು ನಮ್ಮ ಮಾಮಂದು ಅಂತ ಮೂರು ಸಲ ಕೂಗಬೇಕು."

"ನಾಲ್ಕು ಸಲ ಕೂಗ್ತೀನಿ."

ಆಷಾಢದಲ್ಲಿ ಮದುವೆ ಇಲ್ಲ, ಬ್ಯಾಂಡಿನವರಿಗೆ ಕೆಲಸವಿಲ್ಲ. ಒಂದು ತಿಂಗಳು ವಾದ್ಯಕ್ಕೆ ಎಣ್ಣೆ ಹಾಕುವುದು, ಕೋಟಿನ ಗುಂಡಿ ಹೊಲಿಯುವುದು, ಇಷ್ಟೇ. ಹಾಗಾಗಿ ದಿನಾ ಮಧ್ಯಾಹ್ನ ಮೂರಕ್ಕೆ ಕೂರುವುದೆಂದು ಮಾತಾಯಿತು. ಯಾರೂ ಒಬ್ಬರೇ ಕೇಳುವ ಹಾಗಿಲ್ಲ, ಒಂದು ಹಾಡನ್ನೂ ದಾಟಿಸುವ ಹಾಗಿಲ್ಲ. ಮೊದಲಿನಿಂದ ಕೊನೆಯವರೆಗೆ, ವರ್ಷದ ಪ್ರಕಾರ. ದಾನಿಶ್ ಫೋನಿನಲ್ಲಿ ಹಾಕಬೇಕು, ಮೆರವಣಿಗೆಯ ದೊಡ್ಡ ಸ್ಪೀಕರ್ ಬಾಕ್ಸಿನಲ್ಲಿ ಕೇಳಬೇಕು, ಆಲ್ಬಂ ಮುಗಿದ ಮೇಲೆ ಡ್ರಮ್ಮಿನ ಕಪಾಟಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ.

ನನ್ನ ಹೆಂಡತಿ ಪುಷ್ಪಲತಾ ಒಳಗಿನ ಬಾಗಿಲಿಂದ ತಲೆ ಹಾಕಿ, "ಒಂದು ತಿಂಗಳು ಬಡಕಾ ಬಡಕಾ ಅನ್ನಸ್ತೀರಾ? ಪಕ್ಕದಾಗ ಹಲ್ಲಿನ ಡಾಕ್ಟರ್ ಅದಾರ, ನೆನಪೈತಾ?" ಎಂದಳು. ನಮ್ಮದು ಪಿ.ಜೆ. ಬಡಾವಣೆಯ ಹಿಂದಿನ ಗಲ್ಲಿ. ಮುಂದೆ ಬ್ಯಾಂಡ್ ರೂಮು, ಹಿಂದೆ ಮನೆ, ನಡುವೆ ಒಂದೇ ಇಟ್ಟಿಗೆಯ ಗೋಡೆ.

ಮೊದಲನೇ ಆಲ್ಬಂ ಕೇಳಿದಾಗ ನಾನು ಹೇಳಿದ್ದು ಇಷ್ಟು: "ಇದೇನು ಹಾಡೋ, ಹೊಟ್ಟೆನೋವೋ?" ಆತ ಹಾಡುತ್ತಿರಲಿಲ್ಲ, ನರಳುತ್ತಿದ್ದ. ನಡುನಡುವೆ ಕೋಳಿಯ ಹಾಗೆ ಕೂಗುತ್ತಿದ್ದ. ದಪ್ಪ ತಂತಿಯ ಗಿಟಾರೊಂದು ನೆಲದ ಕೆಳಗಿಂದ ಗುದ್ದುತ್ತಿತ್ತು. ತಲೆಯಿಲ್ಲ, ಬಾಲವಿಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು. ಇವನ ಹತ್ತಿರ ಜಗ್ಗು ಇರಲು ಸಾಧ್ಯವೇ ಇಲ್ಲ.

ಎರಡನೆಯದರಲ್ಲಿ ದಿನೇಶನ ಹೆಬ್ಬೆರಳು ಕುರ್ಚಿಯ ಕೈ ಬಡಿಯುತ್ತಿತ್ತು. "ಯಾಕ ಬಡಿತಿ?" ಎಂದೆ.

"ನಾನೆಲ್ಲಿ ಬಡಿತೀನಿ? ನಿನ್ನ ಕಾಲು ನೋಡ್ಕ."

ನನ್ನ ಕಾಲು ನೋಡಿಕೊಂಡೆ. ಅದು ನನ್ನ ಮಾತು ಕೇಳುತ್ತಿರಲಿಲ್ಲ.

ಐದನೆಯದರ ಹೊತ್ತಿಗೆ ನನಗೆ ಅವನ ಕೆಲಸ ತಿಳಿಯಿತು. ನಮ್ಮ ಟ್ಯೂನುಗಳಲ್ಲಿ ಎಲ್ಲರೂ ಎಲ್ಲ ಕಡೆ ನುಡಿಸುತ್ತಾರೆ. ಪಿಂಕಣ್ಣನ ಕಡೆಯವರು ಹಾಗಲ್ಲ. ಒಂದು ಎಂದಾಗ ಎಲ್ಲರೂ ಸೇರಿ ಧಡ್ ಎಂದು ಗುದ್ದುತ್ತಾರೆ. ಆಮೇಲೆ ಒಬ್ಬೊಬ್ಬರೂ ಸಿಕ್ಕ ಸಂದಿಯಲ್ಲಿ ನುಗ್ಗುತ್ತಾರೆ, ಬಸ್ಸಿಗೆ ಹತ್ತುವವರ ಹಾಗೆ. ಮತ್ತೆ ಒಂದು ಬಂದಾಗ ಎಲ್ಲರೂ ತಮ್ಮ ತಮ್ಮ ಸೀಟಿನಲ್ಲಿ ಇರುತ್ತಾರೆ. ಇದನ್ನು ನಾನು ದಾನಿಶನಿಗೆ ಹೇಳಿದೆ. ಅವನು, "ಮಾಸ್ಟ್ರೇ, ಇದನ್ನೇ ನಾನು ಮೂರು ವರ್ಷದಿಂದ ಹೇಳ್ತಿದ್ದೆ, ನೀವು ಕ್ಯಾಸಿಯೋ ಸೌಂಡ್ ಕಡಿಮಿ ಮಾಡು ಅಂತಿದ್ರಿ," ಎಂದ.

ಆಲ್ಬಂಗಳ ಹೆಸರು ನಮ್ಮ ನಾಲಿಗೆಗೆ ಒಗ್ಗಲಿಲ್ಲ. ಮೇಲಿನ ಚಿತ್ರ ನೋಡಿ ನಾವೇ ಹೆಸರಿಟ್ಟೆವು. ಹಳದಿ ಕಾರು. ಮೀಸೆ ಬೋಳಿಸಿದ್ದು. ಇಬ್ಬರು ಹೆಂಗಸರು. ಒಂದರಲ್ಲಿ ಅವನು ಸ್ನಾನದ ತೊಟ್ಟಿಯಲ್ಲಿ ಕೂತು ಟೆಲಿಫೋನಿನಲ್ಲಿ ಮಾತಾಡುತ್ತಿದ್ದಾನೆ, ಅದು ಬಚ್ಚಲು. ಆರನೆಯದರಲ್ಲಿ ಅವನು "ಬೆಣ್ಣಿ, ಬೆಣ್ಣಿ" ಎಂದು ನಲವತ್ತು ಸಲ ಅಂಗಲಾಚುತ್ತಾನೆ. ಅದು ಪೆನ್ನಿ ಎಂಬ ಹುಡುಗಿಯ ಹೆಸರು ಎಂದು ದಾನಿಶ್ ಹೇಳಿದ. ದಿನೇಶ ಒಪ್ಪಲಿಲ್ಲ. "ದಾವಣಗೆರಿ ದೋಸಿ ತಿಂದಾನ ಮಾಮ, ಬೆಣ್ಣಿ ಕಡಿಮಿ ಹಾಕ್ಯಾರ, ಅದಕ್ಕ ಅಳ್ತಾನ," ಎಂದ. ನಾನು ನಕ್ಕೆ. ಜಗಳ ಮರೆತು ನಕ್ಕದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಹನ್ನೊಂದನೆಯದು ಕುದುರೆ. ದಾನಿಶ್ ಫೋನು ತಿರುಗಿಸಿ ಚಿತ್ರ ತೋರಿಸಿದ. ಬಿಳಿ ಕುದುರೆಯ ಮೇಲೆ ಪಿಂಕಣ್ಣ. ಮೈಮೇಲೆ ಕೆಂಪು ಕೋಟು, ಭುಜಕ್ಕೆ ಬಂಗಾರದ ಜರಿ, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ.

"ಲೇ! ನಮ್ಮ ಯೂನಿಫಾರಂ!" ಎಂದು ಎದ್ದು ನಿಂತೆ.

"ನಮ್ದು ಅನ್ನು ಮಾಮ. ನಿಮ್ಮದರಾಗ ಜರಿ ಎಲ್ಲೈತೆ, ಎಲ್ಲಾ ಕಿತ್ತು ಹೋಗೈತೆ."

"ಮದುಮಗನೂ ಅವನೇ, ಬ್ಯಾಂಡ್ ಮಾಸ್ಟರೂ ಅವನೇ," ಎಂದ ದಾನಿಶ್. ನಾನು ಆ ಫೋನಿಗೆ ಸೆಲ್ಯೂಟ್ ಹೊಡೆದೆ. ಸುಳ್ಳಲ್ಲ, ಹೊಡೆದೆ.

ಆವತ್ತು ಎದುರಿನ ಗಾಡಿಯಿಂದ ಮಂಡಕ್ಕಿ ಮಿರ್ಚಿ ತರಿಸಿದ್ದೆವು. ಕುದುರೆಯ ಎರಡನೇ ಭಾಗದಲ್ಲಿ ಮೂರನೇ ಹಾಡು ಶುರುವಾಯಿತು. ಏನು ಹೇಳಲಿ! ಆ ದಪ್ಪ ತಂತಿ ಮೆಟ್ಟಿಲು ಇಳಿದ ಹಾಗೆ ಇಳಿಯಿತು, ಟ್ರಂಪೆಟ್ಟುಗಳು ಮೇಲಿಂದ ಜಾರಿಕೊಂಡು ಬಂದವು. ದಿನೇಶ ಎದ್ದ. ನಾನೂ ಎದ್ದೆ. ಕೈಯಲ್ಲಿ ಅರ್ಧ ಕಚ್ಚಿದ ಮಿರ್ಚಿ ಹಿಡಿದು ನಾವಿಬ್ಬರೂ ಕುಣಿದೆವು. ನನ್ನದು ಐವತ್ತು ದಾಟಿದ ಮೈ, ಮೂವತ್ತು ವರ್ಷ ಕುಣಿಯುವವರ ಮುಂದೆ ನಿಂತು ಊದಿದ್ದೇ ಹೊರತು ಕುಣಿದದ್ದಿಲ್ಲ. ಮೆಣಸಿನಕಾಯಿಯ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು. ಪಕ್ಕದ ಹಲ್ಲಿನ ಆಸ್ಪತ್ರೆಯ ನರ್ಸಮ್ಮ ಬೈಯಲು ಬಂದವಳು ಬಾಗಿಲಲ್ಲೇ ನಿಂತು, "ಹೊರಗ ಕುಂತ ಪೇಷಂಟೆಲ್ಲಾ ಕಾಲು ಕುಣಿಸ್ತಿದಾರ್ರಿ, ಇನ್ನೊಂಚೂರು ಜೋರ್ ಮಾಡ್ರಿ," ಎಂದಳು.

ಹಾಡು ಕೇಳಲು ಪುಷ್ಪಲತಾ ಒಳಗಿನ ಬಾಗಿಲಿಗೆ ಬಂದದ್ದು ಆ ಒಂದು ದಿನ ಮಾತ್ರ. ಕೈಯೆಲ್ಲ ರೊಟ್ಟಿ ಹಿಟ್ಟು. ಹಾಡು ಮುಗಿಯುವವರೆಗೆ ಚೌಕಟ್ಟಿಗೆ ಒರಗಿ ನಿಂತಳು, ಮುಗಿದ ಮೇಲೆ ಒಳಗೆ ಹೋದಳು. ಚೌಕಟ್ಟಿನ ಮೇಲೆ ಐದು ಬೆರಳಿನ ಹಿಟ್ಟಿನ ಗುರುತು ಉಳಿಯಿತು.

ಆಮೇಲಿನವು ಎಲ್ಲವೂ ಚೆನ್ನಾಗಿರಲಿಲ್ಲ. ಹದಿನೈದರಿಂದ ಹತ್ತೊಂಬತ್ತರವರೆಗೆ ಬರೀ ಮಿಷನ್ನು. ಡ್ರಮ್ಮು ಬಾರಿಸುವವರನ್ನು ಮನೆಗೆ ಕಳಿಸಿ ತಾನಾಗಿ ತಾಳ ಹಾಕುವ ಪೆಟ್ಟಿಗೆ ಇಟ್ಟುಕೊಂಡಿದ್ದ. ನನಗೆ ಅವನ ಮೇಲೆ ವಿಪರೀತ ಸಿಟ್ಟು ಬಂತು. "ಹೊಟ್ಟಿಪಾಡಿನ ಮಂದಿನ ಬಿಡಿಸಿ ಪೆಟ್ಟಿಗಿ ಇಟ್ಕಂಡಿಯಲ್ಲೋ, ಥೂ!" ಎಂದು ಬಾಕ್ಸಿಗೆ ಬೈದೆ. ದಿನೇಶ, "ಹೆಂಡ್ತಿ ಬಿಟ್ಟು ಹೋಗಿರಬೇಕು ಬಿಡು ಮಾಮ, ಮನುಷ್ಯ ಸರಿಯಿಲ್ಲ," ಎಂದ. ಇಪ್ಪತ್ತರಲ್ಲಿ ಡ್ರಮ್ಮಿನವರು ವಾಪಸ್ಸು ಬಂದರು. ನಾವು ಚಪ್ಪಾಳೆ ತಟ್ಟಿದೆವು. ಇಪ್ಪತ್ತಾರರಲ್ಲಿ ಒಂದೇ ಹಾಡು, ಇಪ್ಪತ್ತೇಳು ನಿಮಿಷ. ಅದು ನಡೆಯುವಾಗ ದಿನೇಶ ಎದ್ದು ಹೋಗಿ, ಗಲ್ಲಿಯ ತುದಿಯಲ್ಲಿ ಚಹಾ ಕುಡಿದು ಬಂದರೂ ಅದೇ ನಡೆಯುತ್ತಿತ್ತು. ನಿಯಮ ಮುರಿದೆ ಎಂದು ಅವನನ್ನು ಬೈದು ಮತ್ತೆ ಮೊದಲಿಂದ ಹಾಕಿಸಿದೆ. ಎರಡನೇ ಸಲ ಅದು ಚಿಕ್ಕದಾಗಿತ್ತು.

ಮೂವತ್ತೊಂದರಲ್ಲಿ ಅವನ ದನಿ ಒಡೆದಿತ್ತು. ಮುಂಚಿನ ಹಾಗೆ ಮೇಲಕ್ಕೆ ಹೋಗುತ್ತಿರಲಿಲ್ಲ. ಹೋಗದ ಕಡೆ ಟ್ರಂಪೆಟ್ಟಿನವನಿಗೆ ಬಿಟ್ಟುಕೊಡುತ್ತಿದ್ದ, ತಾನು ಕೆಳಗೆ ನಿಂತು ನಗುತ್ತಿದ್ದ. ನಗು ಕೇಳಿಸುತ್ತದೆ. ನನಗೂ ಈಗ ಮೇಲಿನ ಸ್ವರಕ್ಕೆ ಉಸಿರು ಸಾಲುವುದಿಲ್ಲ. ಯಾರಿಗೂ ಹೇಳಿರಲಿಲ್ಲ. ಆವತ್ತು ದಿನೇಶನಿಗೆ ಹೇಳಿದೆ. ಅವನು, "ನಂಗೂ ಮುಂದಿನ ಹಲ್ಲು ಅಲ್ಲಾಡ್ತೈತೆ ಮಾಮ. ಟ್ರಂಪೆಟ್ ಇಟ್ರ ನೋವು," ಎಂದ. ಮರುದಿನ ಪಕ್ಕದ ಡಾಕ್ಟರಿಗೆ ತೋರಿಸಿಕೊಂಡ.

ಪ್ರತಿ ಹೊಸ ಹಾಡಿಗೂ ನನಗೆ ಒಂದೇ ಭಯ. ಇದೇ ಇರಬೇಕು, ಇದೇ ಇರಬೇಕು. ಕಣ್ಣು ಗೋಡೆಯ ಟೋಪಿಗೆ ಹೋಗುತ್ತಿತ್ತು. ಆದರೆ ಸುಳ್ಳು ಹೇಳುವುದಿಲ್ಲ, ಬರಬರುತ್ತ ಭಯ ಹತ್ತು ಕ್ಷಣ, ಉಳಿದ ನಾಲ್ಕು ನಿಮಿಷ ಖುಷಿ. ಮೂರು ಗಂಟೆಗೆ ದಿನೇಶನ ಬೈಕಿನ ಸದ್ದು ಕೇಳದಿದ್ದರೆ ನಾನೇ ಫೋನು ಮಾಡುತ್ತಿದ್ದೆ. "ಎಲ್ಲಿ ಸತ್ತಿದಿ? ಪಿಂಕಣ್ಣ ಕಾಯ್ತಿದಾನ."

ಆಷಾಢ ಮುಗಿಯಲು ಎರಡು ದಿನ ಇದ್ದಾಗ ನಲವತ್ತಮೂರನೆಯದು ಮುಗಿಯಿತು. ಹೋದ ವರುಷದ್ದು. ಮುದುಕ ಪಿಂಕಣ್ಣ ಒಂದು ಮರದ ಕೆಳಗೆ ಕೂತ ಚಿತ್ರ. ಕೊನೆಯ ಹಾಡಿನ ಕೊನೆಯಲ್ಲಿ ಅವನು ಗಿಟಾರು ಕೆಳಗಿಟ್ಟ ಸದ್ದು ಕೇಳಿಸಿತು. ದಾನಿಶ್ ಕೊನೆಯ ಗೆರೆ ಎಳೆದ.

ಜಗ್ಗು ಸಿಗಲಿಲ್ಲ. ಎಲ್ಲೂ ಇಲ್ಲ. ನಾನು ಗೆದ್ದಿದ್ದೆ.

"ಸಿಗಲಿಲ್ಲ," ಎಂದ ದಿನೇಶ. "ಅಂದ್ರ ನಂದು ಅಂತಾತು."

"ನಿಂದು ಹೆಂಗಾತೋ? ಬಸ್ ಸ್ಟ್ಯಾಂಡಿಗೆ ನಡಿ. ಕೂಗು."

"ಸಿಗದಿದ್ರ ಪಿಂಕಣ್ಣಂದಲ್ಲ ಅಂತಾತು. ನಿಂದು ಅಂತ ಎಲ್ಲಿ ಆತು? ನಾನು ಕಟ್ಟಿದ್ದು."

"ನಾನು ಕಟ್ಟಿದ್ದು!"

ಒಳಗಿನ ಬಾಗಿಲು ತೆರೆಯಿತು. ಪುಷ್ಪಲತಾ ಒಂದು ಕೈಯಲ್ಲಿ ನಮ್ಮ ಹಳೇ ಟೇಪ್ ರೆಕಾರ್ಡರು, ಇನ್ನೊಂದು ಕೈಯಲ್ಲಿ ಮೇಲ್ಹೊದಿಕೆಯಿಲ್ಲದ ಒಂದು ಕ್ಯಾಸೆಟ್ಟು ಹಿಡಿದು ಬಂದಳು. ಎರಡನ್ನೂ ದೊಡ್ಡ ಡ್ರಮ್ಮಿನ ಮೇಲೆ ಇಟ್ಟಳು.

"ನಲವತ್ತಮೂರು ಕೇಳಿದ್ರಲ್ಲ, ಇದೊಂದು ಕೇಳ್ರಿ. ಮೊನ್ನೆ ಹರಿಹರಕ್ಕೆ ಹೋದಾಗ ಅವ್ವನ ಟ್ರಂಕಿನಾಗಿಂದ ತಂದೀನಿ."

ತಿಮ್ಮವ್ವ, ನನ್ನ ಅತ್ತೆ, ಏನನ್ನೂ ಎಸೆಯುವವಳಲ್ಲ. ದಾನಿಶ್ ಟೇಪಿನ ಒಳಗೆ ಹಳೇ ಬೆಲ್ಟಿನ ಬದಲು ರಬ್ಬರ್ ಬ್ಯಾಂಡ್ ಹಾಕಿದ. ಬಟನ್ ಒತ್ತಿದ.

ಮೊದಲು ಸರಸರ ಸದ್ದು. ಆಮೇಲೆ ಕಂಬಳಿಯೊಳಗಿಂದ ಬಂದ ಹಾಗೆ, ಮಂದವಾಗಿ, ಸಣ್ಣಗೆ ಒಂದು ಸ್ವರ ಎದ್ದಿತು. ಉಬ್ಬಿತು. ಟಕ್ಕನೆ ನಿಂತಿತು. ಇನ್ನೊಂದು ಎದ್ದಿತು. ಉಬ್ಬಿತು.

ಜಗ್ಗು.

ನಾನು ಬೆಂಚಿನ ಮೇಲೆ ಕೂತೆ. ಮೂವತ್ತೈದು ವರ್ಷದ ಹಿಂದಿನ ಹರಿಹರದ ಮನೆ ಕಣ್ಣ ಮುಂದೆ ಬಂತು. ನಾನು ಮಾವನ ಹತ್ತಿರ ಕ್ಲಾರ್ನೆಟ್ ಕಲಿಯಲು ಜಗಲಿಯ ಮೇಲೆ ಕೂರುತ್ತಿದ್ದೆ. ಒಳಗೆ ಹೋಗುವ ಹಾಗಿರಲಿಲ್ಲ, ವಯಸ್ಸಿಗೆ ಬಂದ ಹುಡುಗಿ ಇದ್ದಳು. ಕಿಟಕಿಯಿಂದ ಅಕ್ಕಿ ಕೇರುವ ಸದ್ದು, ಅದರ ಜೊತೆಗೆ ಈ ಸದ್ದು. ದಿನಾ. ನಾನು ಕಿಟಕಿಯ ಕಡೆ ಕಿವಿ ಕೊಡುತ್ತಿದ್ದದ್ದು ಹಾಡಿಗಲ್ಲ, ಅವಳ ಬಳೆಗೆ. ಹಾಡು ತಾನಾಗಿ ಒಳಗೆ ಬಂದು ಕೂತಿತ್ತು.

"ಇದು ಎಲ್ಲಿಂದ ಬಂತಕ್ಕ?" ಎಂದ ದಿನೇಶ. ಅವನ ದನಿಯೂ ಇಳಿದಿತ್ತು.

"ಅಪ್ಪ ಗುಜರಿ ಅಂಗಡಿಯಿಂದ ಒಂದು ಚೀಲ ಕ್ಯಾಸೆಟ್ ತಂದಿದ್ದ, ನೆನಪೈತಾ? ಯಾರೋ ಫ್ಯಾಕ್ಟರಿ ಸಾಹೇಬ್ರು ಊರು ಬಿಡೋವಾಗ ಹಾಕಿ ಹೋಗಿದ್ದು. ನೀನು ಆಗ ಸಣ್ಣೋನು. ಗಣಪತಿ ಮಂಟಪಕ್ಕೆ ತೋರಣ ಕಟ್ತೀನಿ ಅಂತ ಇದರ ರೀಲು ಹೊರಗ ಜಗ್ಗಿದ್ದಿ. ಗಂಟು ಬಿದ್ದಿತ್ತು. ನಾನು ಕತ್ತರಿಸಿ, ಪಕ್ಕದ ಮನಿ ಯಶೋದಾನ ಹತ್ರ ನೇಲ್ ಪಾಲಿಶ್ ಇಸ್ಕಂಡು ಅಂಟಿಸಿದೆ."

ಕ್ಯಾಸೆಟ್ಟನ್ನು ತೆಗೆದು ತೋರಿಸಿದಳು. ರೀಲಿನ ಅಂಚಿನಲ್ಲಿ ಉಗುರಿನಷ್ಟು ಕೆಂಪು ಗುರುತು ಇನ್ನೂ ಇತ್ತು.

ದಾನಿಶ್ ಅದನ್ನು ಬೆಳಕಿಗೆ ಹಿಡಿದು ನೋಡಿ ಜೋರಾಗಿ ನಕ್ಕ. "ಅಕ್ಕಾ, ಮಗುಚಿ ಅಂಟಿಸೀರಿ! ಹಿಂದಿನ ಮೈ ಮುಂದಾಗೈತೆ. ಹಿಂಗಾದ್ರ ಆ ಕಡೆ ಮಗ್ಗಲಿನ ಹಾಡು ಕೊನಿಯಿಂದ ಮೊದಲಿಗೆ ಓಡ್ತೈತೆ. ಮಾಸ್ಟ್ರೇ, ಅದಕ್ಕ ನೋಡ್ರಿ ಸ್ವರ ಸಣ್ಣಗೆ ಎದ್ದು ದಪ್ಪ ಆಗಿ ಸಾಯೋದು. ತಿರುಗಾಮುರುಗಾ ಐತೆ!"

ಅವನು ಆ ಹಾಡನ್ನು ಫೋನಿಗೆ ತುಂಬಿಕೊಂಡ. ಹಾಡನ್ನು ಹಿಂದಿನಿಂದ ಓಡಿಸುವ ಉಪಾಯ ಫೋನಿನಲ್ಲೇ ಇದೆಯಂತೆ. ಎರಡು ಸಲ ಬೆರಳಾಡಿಸಿದ. ಬಾಕ್ಸಿನಿಂದ ದಪ್ಪ ತಂತಿ ಮೆಟ್ಟಿಲು ಇಳಿದ ಹಾಗೆ ಇಳಿಯಿತು. ಟ್ರಂಪೆಟ್ಟುಗಳು ಜಾರಿಕೊಂಡು ಬಂದವು.

ಕುದುರೆ. ಎರಡನೇ ಭಾಗ, ಮೂರನೇ ಹಾಡು. ಕೈಯಲ್ಲಿ ಮಿರ್ಚಿ ಹಿಡಿದು ನಾವಿಬ್ಬರೂ ಕುಣಿದ ಹಾಡು. ನಮ್ಮ ಟ್ಯೂನಿನ ಮೇಲೆಯೇ ಕುಣಿದಿದ್ದೆವು, ಗುರುತು ಹಿಡಿಯಲಿಲ್ಲ.

"ನಾನು ಅವತ್ತೇ ಬಂದು ನಿಂತೆನಲ್ಲ," ಎಂದಳು ಪುಷ್ಪಲತಾ. "ಎದಿ ಝಲ್ ಅಂತು. ಅದೇ ಗಿಟಾರು, ಅದೇ ದನಿ, ಆದ್ರ ಬ್ಯಾರೆ. ಮುಖ ಗುರುತು ಐತೆ, ಹೆಸರು ನೆನಪಾಗ್ತಿಲ್ಲ ಅನ್ನಂಗ. ಅದಕ್ಕ ಹರಿಹರಕ್ಕೆ ಹೋದೆ."

"ತಿರುಗಾಮುರುಗಾ ಆಗೈತೆ ಅಂತ ಆವಾಗ ಗೊತ್ತಾಗಲಿಲ್ವಾ ನಿನಗ?" ಎಂದೆ.

"ಯಾಕ ಗೊತ್ತಾಗಲ್ಲ? ಹಾಕಿದ ಕೂಡಲೇ ಗೊತ್ತಾತು. ಮತ್ತ ಬಿಚ್ಚಿ ಸರಿ ಮಾಡಾಕ ಎಷ್ಟೊತ್ತು? ಮಾಡಲಿಲ್ಲ. ಹಂಗೇ ಚಂದ ಇತ್ತು. ಹಂಗೇ ಇರಲಿ ಅಂತ ಬಿಟ್ಟೆ."

"ಇಷ್ಟು ವರ್ಷ ಬಾಯಿ ಬಿಡಲಿಲ್ವಲ್ಲಕ್ಕ!"

"ಯಾರು ಕೇಳಿದ್ರಿ? ನಂದು ನಂದು ಅಂತ ನೀವಿಬ್ಬರೇ ಕೂಗ್ತಿದ್ರಿ. ನನಗೂ ಅದು ಇದೇ ಕ್ಯಾಸೆಟ್ಟಿಂದು ಅಂತ ಖಾತ್ರಿ ಇರಲಿಲ್ಲ. ಇವರು ಕಟ್ಟಿರಬೇಕು, ನನಗ ಎಲ್ಲೋ ಕೇಳಿದಂಗ ಅನಿಸ್ತೈತೆ ಅಷ್ಟೇ ಅಂದ್ಕಂಡಿದ್ದೆ. ಮಾಸ್ಟರ್ ಇವರಲ್ವಾ."

ಆ ಕೊನೆಯ ಮಾತು ಅವಳು ಬೈದು ಹೇಳಿದ್ದರೆ ನಾನೂ ಬೈದು ಉತ್ತರ ಕೊಡುತ್ತಿದ್ದೆ. ಸುಮ್ಮನೆ ಹೇಳಿದಳು.

ದಿನೇಶ ಗೋಡೆಯ ಕಡೆ ನೋಡಿದ. "ಈಗ ಸಿಕ್ತು ಅಂತಾನೋ, ಸಿಗಲಿಲ್ಲ ಅಂತಾನೋ?" ಎಂದ.

ನಾನು ಎದ್ದೆ. ಮೊಳೆಯಿಂದ ಟೋಪಿ ತೆಗೆದೆ. ಒಳಗಿನ ಬಟ್ಟೆಯಲ್ಲಿ ಮಾವನ ತಲೆಯ ಎಣ್ಣೆಯ ಕಲೆ ಇದೆ, ಅದರ ಮೇಲೆ ನನ್ನದು. "ದಿನೇಶ, ಕೇಳು," ಎಂದೆ. "ಜಗ್ಗು ನಾನು ಕಟ್ಟಿದ್ದಲ್ಲ. ಮೊದಲಿಂದಾನೂ ನನಗ ಗೊತ್ತಿತ್ತು. ಎಲ್ಲೋ ಕೇಳಿದ್ದು ಅಂತ ಗೊತ್ತಿತ್ತು, ಎಲ್ಲಿ ಅಂತ ಗೊತ್ತಿರಲಿಲ್ಲ. ನಿಮ್ಮಪ್ಪ ಟೋಪಿ ಇಡೋವಾಗಲೂ ಬಾಯಿ ಬಿಡಲಿಲ್ಲ. ತಗ."

ಮೂವತ್ತು ವರ್ಷದ ಮಾತು ಒಂದೇ ಉಸಿರಿಗೆ ಹೊರಬಂತು. ಹೇಳಿದ ಮೇಲೆ ಮೈ ಹಗುರವಾಯಿತು, ಮೆರವಣಿಗೆ ಮುಗಿಸಿ ಕೋಟು ಬಿಚ್ಚಿದಾಗ ಆಗುವ ಹಾಗೆ.

ದಿನೇಶ ಕೈ ಚಾಚಿದವನು ಅರ್ಧಕ್ಕೆ ನಿಲ್ಲಿಸಿದ. ಕಿವಿಯ ಹಿಂದೆ ಕೆರೆದುಕೊಂಡ. "ನನಗೂ ಹಂಗೇ ಮಾಮ," ಎಂದ. "ನಾನೂ ಕಟ್ಟಿದ್ದಲ್ಲ. ನೀನು ನಂದು ಅಂದಿದ್ದಕ್ಕ ಸಿಟ್ಟು ಬಂದು ನಾನೂ ನಂದು ಅಂದೆ. ನನಗ ಟೋಪಿ ಬ್ಯಾಡ."

"ನನಗೂ ಬ್ಯಾಡ."

"ಪಿಂಕಣ್ಣಗೆ ಕೊರಿಯರ್ ಮಾಡಾಣ?" ಎಂದ ದಾನಿಶ್.

"ಅವನು ಇದನ್ನ ಯಾವತ್ತರ ಬಾರಿಸ್ಯಾನಾ?" ಎಂದಳು ಪುಷ್ಪಲತಾ. "ನಲವತ್ತಮೂರರಾಗ ಎಲ್ಲೂ ಇಲ್ಲ ಅಂತ ನೀವೇ ಗೆರಿ ಎಳದೀರಿ. ಅವನು ಕಟ್ಟಿದ್ದು ಕುದುರಿ ಹಾಡು. ಅದು ಅವನದು, ಯಾರೂ ಕಿತ್ಕಳ್ಳಲ್ಲ. ಇದನ್ನ ಮಗುಚಿದೋಳು ನಾನು. ಇದೇ ಚಂದ ಅಂತ ಇಟ್ಕಂಡೋಳೂ ನಾನು. ತರ್ರಿ ಇಲ್ಲಿ."

ನನ್ನ ಕೈಯಿಂದ ಟೋಪಿ ತೆಗೆದುಕೊಂಡಳು. ನಾನು ತಡೆಯಲಿಲ್ಲ. ತಡೆಯಬೇಕೆಂದು ಅನಿಸಲೂ ಇಲ್ಲ. ಕನ್ನಡಿಯಿಲ್ಲದ ಕಾರಣ ಹಿತ್ತಾಳೆಯ ದೊಡ್ಡ ಕಹಳೆ ಟ್ಯೂಬಾದ ಹೊಟ್ಟೆಯಲ್ಲಿ ಮುಖ ನೋಡಿಕೊಂಡು, ಜಡೆಯ ಮೇಲೆ ಟೋಪಿ ಇಟ್ಟು, ಬಿಲ್ಲೆಯನ್ನು ಹಣೆಯ ನಡುವಿಗೆ ಸರಿಮಾಡಿಕೊಂಡಳು. ಹೇಳಿ ಹೊಲಿಸಿದ ಹಾಗೆ ಕೂತಿತು. ಮಾವನ ತಲೆಯ ಅಳತೆ ಅವಳದೇ ಎಂದು ಇಷ್ಟು ವರ್ಷ ನಾನು ನೋಡಿರಲಿಲ್ಲ.

"ಹೆಂಗೈತೆ?"

"ಮಾಸ್ಟರ್ ಇದ್ದಂಗ ಅದೀರಕ್ಕ," ಎಂದ ದಾನಿಶ್. ನಾನು ಸೆಲ್ಯೂಟ್ ಹೊಡೆದೆ. ಪಿಂಕಣ್ಣನಿಗೆ ಹೊಡೆದದ್ದಕ್ಕಿಂತ ನೆಟ್ಟಗೆ ಹೊಡೆದೆ.

ಅವಳು ಕ್ಯಾಸೆಟ್ಟನ್ನು ಬ್ಯಾಗಿಗೆ ಹಾಕಿಕೊಂಡಳು. 

"ಎಲ್ಲಿಗೆ ಹೊಂಟಿ?" ಎಂದೆ.

"ಹರಿಹರಕ್ಕೆ. ಅವ್ವ ನೋಡ್ಲಿ. ಅಪ್ಪ ಕೋಲು ಬೀಸಿ, ಹೆಣ್ಣುಹುಡುಗಿ ಬ್ಯಾಂಡ್ ಮುಟ್ಟಬಾರದು ಅಂತ ನನ್ನ ಒಳಗ ಕಳಿಸಿದ್ದ. ಅದನ್ನ ನೋಡಿದೋಳು ಅವ್ವ ಒಬ್ಬಳೇ."

"ಸಂಜಿ ಅಡಿಗಿ?"

ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಿದ್ದವಳು ತಿರುಗಿ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. "ಟ್ಯೂನ್ ಕಟ್ಟಿದೋಳು ರೊಟ್ಟಿನೂ ಬಡೀಬೇಕೇನ್ರೀ?" ಎಂದವಳೇ ಮೆಟ್ಟಿಲಿಳಿದಳು.

ನಾನು ಕ್ಲಾರ್ನೆಟ್ ಎತ್ತಿಕೊಂಡೆ. ದಿನೇಶ ಟ್ರಂಪೆಟ್ ಎತ್ತಿಕೊಂಡ, ದಾನಿಶ್ ಡ್ರಮ್ಮು. ಬಾಗಿಲಿಗೆ ಬಂದು ನಿಂತೆವು. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನೂ ಅವನೂ ಒಂದೇ ಜಗ್ಗು ನುಡಿಸಿದೆವು. ಒಂದು ಎಂದಾಗ ಮೂವರೂ ಸೇರಿ ಧಡ್ ಎಂದು ಗುದ್ದಿದೆವು, ಪಿಂಕಣ್ಣ ಕಲಿಸಿದ ಹಾಗೆ. ಮೇಲಿನ ಸ್ವರಕ್ಕೆ ನನ್ನ ಉಸಿರು ಸಾಲದ ಕಡೆ ದಿನೇಶ ಎತ್ತಿಕೊಂಡ. ಹಲ್ಲಿನ ಆಸ್ಪತ್ರೆಯ ಮಂದಿ ಬಾಯಿಗೆ ಹತ್ತಿ ಇಟ್ಟುಕೊಂಡೇ ಹೊರಗೆ ಬಂದರು.

ಪುಷ್ಪಲತಾ ಗಲ್ಲಿಯ ನಡುವೆ ನಡೆದಳು. ಹಸಿರು ಸೀರೆ, ಕೆಂಪು ಟೋಪಿ, ಬಗಲಲ್ಲಿ ಬ್ಯಾಗು. ಆಟೋದವರು ಬದಿಗೆ ಸರಿದರು. ಜಗ್ಗುವಿಗೆ ಎಲ್ಲರೂ ಒಂದು ಹೆಜ್ಜೆ ಮುಂದೆ ಹಾಕಿ ಎರಡು ಹೆಜ್ಜೆ ಹಿಂದೆ ಬರುತ್ತಾರೆ. ಅವಳು ಒಂದು ಹೆಜ್ಜೆಯೂ ಹಿಂದೆ ಬರಲಿಲ್ಲ. ತಾಳಕ್ಕೆ ಸರಿಯಾಗಿ ಕೈ ಬೀಸಿಕೊಂಡು ನೇರ ನಡೆದು, ದೊಡ್ಡ ರಸ್ತೆಯ ತಿರುವಿನಲ್ಲಿ ಮರೆಯಾದಳು. ಹರಿಹರದ ಬಸ್ಸಿನ ಹಾರ್ನು ಕೇಳಿಸಿತು.

"ಮಾಮ, ಅಕ್ಕ ಸಂಜಿಗೆ ಬರ್ತಾಳಾ?" ಎಂದು ದಿನೇಶ ಟ್ರಂಪೆಟ್ಟಿನ ನಡುವೆ ಕೇಳಿದ.

"ಊದೋ ಸುಮ್ನೆ," ಎಂದೆ.

ಬರಲಿಲ್ಲ. ಆವತ್ತಿನ ರೊಟ್ಟಿ ದಿನೇಶನೇ ಬಡಿದ. ಎಲ್ಲವನ್ನೂ ಸೀಯಿಸಿದ.